ಸ್ಕೂಬಾ ಡೈವಿಂಗ್: ಯಾವ ತರಬೇತಿಗೆ ಎಷ್ಟು ಆಳ?

ರಾಯದುರ್ಗ, ಮಡಕಶಿರಾ ಎಂದರೆ ಮಳೆಗಾಗಿ ಮುಗಿಲು ನೋಡುವ ಸೀಮೆ. ಭೈರವಾನಿತಿಪ್ಪ ಜಲಾಶಯಕ್ಕೆ ನೀರು ಬಂದರೆ ಅದೇ ದೊಡ್ಡ ಸುದ್ದಿ. ಇಂಥ ಊರಿನವರಿಗೆ ಸ್ಕೂಬಾ ಡೈವಿಂಗ್ ಏಕೆ ಎನ್ನಬೇಡಿ. ಉತ್ತರ ಕನ್ನಡದ ಮುರ್ಡೇಶ್ವರಕ್ಕೆ ಹೋದವರು ದೇವರ ದರ್ಶನದ ಜೊತೆಗೆ ನೇತ್ರಾಣಿ ದ್ವೀಪದ ಬಳಿ ಸಮುದ್ರಕ್ಕೆ ಇಳಿದು ಬರಲೂ ಅವಕಾಶವಿದೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಅಲ್ಲಿಗೆ ದೋಣಿಗಳು ಹೋಗುತ್ತವೆ. ಹಾಗೆ ಹೋಗುವವರು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ತರಬೇತಿ ಏಕೆ ಬೇಕು?

ಡೈವರ್ ಬೆನ್ನಿಗೆ ಹೊರುವ ಸಿಲಿಂಡರಿನಲ್ಲಿ ಇರುವುದು ಸಾಮಾನ್ಯವಾಗಿ ಆಮ್ಲಜನಕವಲ್ಲ, ಒತ್ತಡದಲ್ಲಿ ತುಂಬಿದ ಮಾಮೂಲು ಗಾಳಿ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಎಳೆದ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ, ಶ್ವಾಸಕೋಶ ಹರಿಯಬಹುದು. ಗಾಬರಿಯಾದಾಗ ಉಸಿರು ಬಿಗಿಹಿಡಿಯುವುದು ಮನುಷ್ಯನ ಸ್ವಭಾವ. ಅದನ್ನು ಬಿಡಿಸುವುದೇ ತರಬೇತಿಯ ಮೊದಲ ಪಾಠ.

ಕ್ಲಬ್‌ಗಳಿಂದ ಬಂದ ಪದ್ಧತಿ

ಬ್ರಿಟನ್ನಿನಲ್ಲಿ 1953ರಲ್ಲಿ ಆರಂಭವಾದ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ಹವ್ಯಾಸಿಗಳಿಗೆ ಹಂತ ಹಂತದ ತರಬೇತಿ ರೂಪಿಸಿತು. ಅದರ ಶಾಖೆಗಳಲ್ಲಿ ಹಳೆಯ ಸದಸ್ಯರೇ ಹೊಸಬರಿಗೆ ಕಲಿಸುತ್ತಾರೆ. 1959ರಲ್ಲಿ ಮೊನಾಕೊದಲ್ಲಿ ಹಲವು ದೇಶಗಳ ಒಕ್ಕೂಟಗಳು ಸೇರಿ ಸಿಮಾಸ್ ಎಂಬ ಸಂಸ್ಥೆ ಸ್ಥಾಪಿಸಿದವು. ಜಾಕ್ ಕುಸ್ಟೊ ಅದರ ಮೊದಲ ಅಧ್ಯಕ್ಷರು. ಸಿಮಾಸ್ ಡೈವರ್‌ಗಳಿಗೆ ನಕ್ಷತ್ರಗಳ ಲೆಕ್ಕದಲ್ಲಿ ದರ್ಜೆ ನೀಡುತ್ತದೆ. 1966ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪ್ಯಾಡಿ ಸಂಸ್ಥೆ ಕ್ಲಬ್ಬಿನ ಬದಲು ಶುಲ್ಕ ಪಡೆದು ಕಲಿಸುವ ಕೇಂದ್ರಗಳ ಮೂಲಕ ಬೆಳೆಯಿತು. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ಬಗೆಯ ಕೇಂದ್ರಗಳು.

ಒಂದೊಂದು ಸಂಸ್ಥೆಯ ಕಾರ್ಡಿಗೆ ಒಂದೊಂದು ಹೆಸರು. ಹೋಲಿಸಿ ನೋಡಲು ಅಂತರರಾಷ್ಟ್ರೀಯ ಐಎಸ್‌ಒ 24801 ಮಾನದಂಡವಿದೆ. ಅದರ ಮೂರು ದರ್ಜೆಗಳು ಹೀಗಿವೆ:

* ಮೇಲ್ವಿಚಾರಣೆಯ ಡೈವರ್: ಮುಂದಾಳು ಜೊತೆಗಿದ್ದರೆ ಮಾತ್ರ, 12 ಮೀಟರ್‌ವರೆಗೆ.
* ಸ್ವತಂತ್ರ ಡೈವರ್: ಸಮಾನ ದರ್ಜೆಯ ಜೊತೆಗಾರನೊಂದಿಗೆ, 20 ಮೀಟರ್‌ವರೆಗೆ. ಪ್ಯಾಡಿಯ ಓಪನ್ ವಾಟರ್ ಡೈವರ್ ಈ ದರ್ಜೆಗೆ ಸೇರುತ್ತದೆ. ಆದರೆ ಅದರ ಸ್ವಂತ ಮಿತಿ 18 ಮೀಟರ್.
* ಡೈವ್ ಮುಂದಾಳು: ಇತರ ಡೈವರ್‌ಗಳನ್ನು ಕರೆದೊಯ್ಯಬಲ್ಲವರು.

ಬೋಧಕರಿಗೆ ಐಎಸ್‌ಒ 24802 ಎಂಬ ಬೇರೆ ಮಾನದಂಡವಿದೆ.

ಒಂದು ದಿನದ ಡೈವ್ ಅರ್ಹತೆಯಲ್ಲ

ಪ್ರವಾಸಿಗಳು ಸಾಮಾನ್ಯವಾಗಿ ಮಾಡುವುದು ಪರಿಚಯದ ಡೈವ್. ಬೋಧಕರು ಪಕ್ಕದಲ್ಲೇ ಇರುತ್ತಾರೆ. ಪ್ಯಾಡಿಯ ನಿಯಮದಂತೆ ಆಳ 12 ಮೀಟರ್ ಮೀರುವಂತಿಲ್ಲ. ಈಜು ಬಾರದವರೂ ಮಾಡಬಹುದು. ಆದರೆ ಇದರಿಂದ ಒಬ್ಬರೇ ಇಳಿಯುವ ಅರ್ಹತೆ ಬರುವುದಿಲ್ಲ.

ಓಪನ್ ವಾಟರ್ ಕಾರ್ಡ್ ಬೇಕಿದ್ದರೆ ಪಾಠ ಓದಬೇಕು, ಕೊಳದಲ್ಲಿ ಅಭ್ಯಾಸ ಮಾಡಬೇಕು, ತೆರೆದ ನೀರಿನಲ್ಲಿ ಕನಿಷ್ಠ ನಾಲ್ಕು ಡೈವ್ ಮುಗಿಸಬೇಕು. 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಕನಿಷ್ಠ ವಯಸ್ಸು 10. ಹದಿನೈದು ತುಂಬುವವರೆಗೆ ಸಿಗುವುದು ಜೂನಿಯರ್ ಕಾರ್ಡ್. ಆರೋಗ್ಯದ ಪ್ರಶ್ನಾವಳಿಯಲ್ಲಿ ಆಸ್ತಮಾ, ಹೃದ್ರೋಗ ಮುಂತಾದವನ್ನು ಮುಚ್ಚಿಡಬಾರದು. ಅಂಥ ತೊಂದರೆ ಇದ್ದವರಿಗೆ ವೈದ್ಯರ ಒಪ್ಪಿಗೆ ಬೇಕಾಗುತ್ತದೆ.

ನಮ್ಮ ಸೀಮೆಯವರಿಗೆ ವಿಶೇಷ ಎಚ್ಚರಿಕೆ

ಡೈವ್ ಮಾಡಿದಾಗ ರಕ್ತ ಮತ್ತು ಅಂಗಾಂಶಗಳಲ್ಲಿ ಸಾರಜನಕ ಕರಗಿರುತ್ತದೆ. ಅದು ಹೊರಹೋಗುವ ಮೊದಲೇ ಎತ್ತರದ ಸ್ಥಳ ಏರಿದರೆ ಗುಳ್ಳೆಗಳಾಗಿ ಕೀಲುನೋವು, ಪಾರ್ಶ್ವವಾಯು ತರಬಹುದು. ವಿಮಾನ ಪ್ರಯಾಣಕ್ಕೆ ಇರುವ ಸಲಹೆ ಹೀಗಿದೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್‌ಗಳಾಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಸುಮಾರು 600 ಮೀಟರ್‌ಗಿಂತ ಎತ್ತರ ಏರುವಾಗ ಇದೇ ಸಲಹೆ ಗಮನದಲ್ಲಿರಲಿ. ಮುರ್ಡೇಶ್ವರದಿಂದ ಘಟ್ಟ ಹತ್ತಿ ಊರಿಗೆ ಬರುವ ದಾರಿಯಲ್ಲಿ ಸಿಗುವ ಚಿತ್ರದುರ್ಗವೇ 700 ಮೀಟರ್‌ಗಿಂತ ಎತ್ತರದಲ್ಲಿದೆ. ಆದ್ದರಿಂದ ಡೈವ್ ಮಾಡಿದ ಸಂಜೆಯೇ ಬಸ್ ಹತ್ತದೆ ರಾತ್ರಿ ಕರಾವಳಿಯಲ್ಲೇ ತಂಗುವುದು ಒಳ್ಳೆಯದು.

ಇನ್ನೊಂದು ಮಾತು. ಕಾರ್ಡ್ ಸಿಕ್ಕಿತೆಂದು ಊರಿನ ಬಾವಿ, ಕೆರೆಗೆ ಸಿಲಿಂಡರ್ ಹೊತ್ತು ಇಳಿಯಬಾರದು. ಸಮುದ್ರಮಟ್ಟದಿಂದ 300 ಮೀಟರ್‌ಗಿಂತ ಎತ್ತರದ ನೀರಿನಲ್ಲಿ ಇಳಿಯಲು ಬೇರೆ ಲೆಕ್ಕಾಚಾರ, ಬೇರೆ ತರಬೇತಿ ಬೇಕು. ಅನಂತಪುರ ಜಿಲ್ಲೆಯ ರಾಯದುರ್ಗ ಮತ್ತು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾ ಎರಡೂ ಆ ಮಟ್ಟಕ್ಕಿಂತ ಮೇಲಿವೆ. ಬಾವಿಯಲ್ಲಿ ಕತ್ತಲು, ಕೆಸರು, ಇಕ್ಕಟ್ಟು ಬೇರೆ. ಮುಳುಗಿದವರನ್ನು ಹುಡುಕುವುದು ಹವ್ಯಾಸಿಯ ಕೆಲಸವಲ್ಲ. ಅದಕ್ಕೆ 101ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು.

ಹಣ ಕಟ್ಟುವ ಮುನ್ನ ಕೇಳಿ

ಬೋಧಕರು ಯಾವ ಸಂಸ್ಥೆಯವರು, ಅವರ ಸದಸ್ಯ ಸಂಖ್ಯೆ ಎಷ್ಟು, ಈ ವರ್ಷಕ್ಕೆ ನವೀಕರಣ ಆಗಿದೆಯೇ? ಒಬ್ಬ ಬೋಧಕರ ಜೊತೆ ಎಷ್ಟು ಜನ ಇಳಿಯುತ್ತಾರೆ? ದೋಣಿಯಲ್ಲಿ ತುರ್ತು ಆಮ್ಲಜನಕ ಇದೆಯೇ? ಇದಕ್ಕೆಲ್ಲ ನೇರ ಉತ್ತರ ಸಿಗದಿದ್ದರೆ ಬೇರೆ ಕೇಂದ್ರ ನೋಡಿಕೊಳ್ಳಿ.