ಬ್ಯಾಕ್ಟೀರಿಯಾದವಳಿಗೆ ರಾಕೆಟ್ ಯಾಕೆ?

ಭಾನುವಾರ ಮಕ್ಕಳಿಗೆ ಬಾಹ್ಯಾಕಾಶದ ಪಾಠ ಹೇಳೋಕೆ ಹೋಗ್ತೀನಿ. ಸಂಬಳ ಇಲ್ಲ, ಖುಷಿಗೆ. ಮೊನ್ನೆ ಒಬ್ಬಳು ಕೇಳಿದ್ಲು: "ಅಕ್ಕಾ, ಬ್ಯಾಕ್ಟೀರಿಯಾ ಓದೋ ನಿಮಗೆ ರಾಕೆಟ್ ಯಾಕೆ?"

ಕಲ್ಕತ್ತಾದ ಕಥೆ ಹೇಳಿದೆ. 1957ರ ನವೆಂಬರ್, ಸ್ಪುಟ್ನಿಕ್ ಹಾರಿ ತಿಂಗಳಾಗಿತ್ತಷ್ಟೆ. 32 ವರ್ಷದ ಸೂಕ್ಷ್ಮಜೀವಿ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್, ಜೀವವಿಜ್ಞಾನಿ ಹಾಲ್ಡೇನ್ ಜತೆ ಊಟಕ್ಕೆ ಕೂತಿದ್ದ. ಅವತ್ತು ಚಂದ್ರಗ್ರಹಣ, ರಷ್ಯಾ ಕ್ರಾಂತಿಗೆ 40 ವರ್ಷ ಬೇರೆ. ರಷ್ಯನ್ನರು ಚಂದ್ರನ ಮೇಲೆ ಬಾಂಬ್ ಸಿಡಿಸಿಬಿಟ್ಟರೆ ಅಂತ ಮಾತು ಬಂತು. (ಊಟದ ಹೊತ್ತಿನ ಮಾತೇ ಇದು!) ಲೆಡರ್‌ಬರ್ಗ್‌ಗೆ ದಿಗಿಲು: ನೌಕೆ ಜತೆ ನಮ್ಮ ಸೂಕ್ಷ್ಮಜೀವಿಗಳೂ ಹೋದರೆ, ಆಮೇಲೆ ಅಲ್ಲಿ ಸಿಕ್ಕಿದ್ದು ಅಲ್ಲಿಯದೋ ನಮ್ಮದೋ ಗೊತ್ತಾಗೋದು ಹೇಗೆ? ಊರಿಗೆ ಮರಳಿ ವಿಜ್ಞಾನಿಗಳನ್ನೆಲ್ಲ ಎಚ್ಚರಿಸಿದ. 1976ರಲ್ಲಿ ಮಂಗಳದಲ್ಲಿ ಇಳಿದ ವೈಕಿಂಗ್ ನೌಕೆಗಳನ್ನು ಸುಮಾರು 112 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿಯೇ ಕಳಿಸಿದ್ದು.

"ಇಡ್ಲಿ ಥರಾನಾ ಅಕ್ಕಾ?"

"ಇಲ್ಲ ಪುಟ್ಟೀ, ಆವಿ ಇಲ್ಲ. ಕಡ್ಲೆಕಾಯಿ ಹುರಿದ ಹಾಗೆ, ಒಣ ಬಿಸಿ."