ಬಿಗಿಯೂ ಅಲ್ಲ, ಸಡಿಲವೂ ಅಲ್ಲ

ಮೈಸೂರಿನ ಆಸ್ಪತ್ರೆಯಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಗೆ ಮರಳುವ ರೋಗಿಗಳಲ್ಲಿ ಕೆಲವರ ಕೈಚೀಲದಲ್ಲಿ ಔಷಧಿ ಚೀಟಿಯ ಜೊತೆಗೆ ಒಂದು ಜೊತೆ ಉದ್ದನೆಯ ಬಿಳಿ ಕಾಲುಚೀಲವೂ ಇರುತ್ತದೆ. ಚಳಿಗೆ ಹಾಕಿಕೊಳ್ಳುವುದಕ್ಕೆಂದು ಕೊಟ್ಟದ್ದಲ್ಲ ಇದು. ಕಾಲನ್ನು ಇಂತಿಷ್ಟೇ ಒತ್ತಬೇಕೆಂದು ಲೆಕ್ಕ ಹಾಕಿ ಹೆಣೆದದ್ದು. ಈ ಲೆಕ್ಕದ ಹಿಂದೆ ದೊಡ್ಡ ಇತಿಹಾಸವಿದೆ. ಅದರ ಒಂದು ಎಳೆ ರೇಷ್ಮೆಯದು ಎಂಬುದು ಈ ಸೀಮೆಯವರಿಗೆ ಕುತೂಹಲ ತರುವ ಸಂಗತಿ.

ಕೊಳ್ಳೇಗಾಲ 1956ರವರೆಗೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಪ್ರಾಂತ್ಯದಲ್ಲಿ ರೇಷ್ಮೆ ಎಂದರೆ ಮುಖ್ಯವಾಗಿ ಕೊಳ್ಳೇಗಾಲವೇ. ಹಿಪ್ಪುನೇರಳೆ ತೋಟ, ಕೈಮಗ್ಗದ ರೇಷ್ಮೆ ಸೀರೆ, ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ರೇಷ್ಮೆ ನೂಲಿನ ಕಾರ್ಖಾನೆ ಇವೆಲ್ಲ ಇಲ್ಲಿನ ಬದುಕಿನೊಡನೆ ಬೆಸೆದುಕೊಂಡವು. ಆದರೆ ರೇಷ್ಮೆ ಬರೀ ಸೀರೆಗಷ್ಟೇ ಅಲ್ಲ, ಗಾಯಕ್ಕೂ ಬಳಕೆಯಾಗುತ್ತಿತ್ತು.

ಸುಶ್ರುತನ ಮೂರು ಬಿಗಿ

ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಬಗ್ಗೆಯೇ ಒಂದು ಅಧ್ಯಾಯವಿದೆ. ಹದಿನಾಲ್ಕು ಬಗೆಯ ಕಟ್ಟುಗಳನ್ನು ಅದು ಹೇಳುತ್ತದೆ. ಕಟ್ಟಲು ಬೇಕಾದ ಸಾಮಗ್ರಿಗಳಲ್ಲಿ ಹತ್ತಿ, ಉಣ್ಣೆ, ಚರ್ಮಗಳ ಜೊತೆಗೆ ರೇಷ್ಮೆಯ ಹೆಸರೂ ಇದೆ. ಅದಕ್ಕಿಂತ ಮುಖ್ಯವಾದದ್ದು ಬಿಗಿಯ ವಿಚಾರ. ಕಟ್ಟು ಗಾಢ, ಸಮ, ಶಿಥಿಲ ಎಂದು ಮೂರು ತೆರ. ತೊಡೆ, ಸೊಂಟದ ಭಾಗಕ್ಕೆ ಗಾಢ; ಕೈಕಾಲುಗಳಿಗೆ ಸಮ; ಕಣ್ಣು, ಕೀಲುಗಳಿಗೆ ಶಿಥಿಲ. ಸಮವಾಗಿ ಕಟ್ಟಬೇಕಾದ ಕಡೆ ಬಿಗಿದು ಕಟ್ಟಿದರೆ ಔಷಧಿ ವ್ಯರ್ಥವಾಗಿ, ಬಾವು ಮತ್ತು ನೋವು ಬರುತ್ತವೆ ಎಂಬ ಎಚ್ಚರಿಕೆಯನ್ನೂ ಆ ಗ್ರಂಥ ಕೊಡುತ್ತದೆ. ಒತ್ತಡವೂ ಔಷಧಿಯಂತೆ, ಅದಕ್ಕೂ ಪ್ರಮಾಣ ಉಂಟು ಎಂಬ ತಿಳಿವಳಿಕೆ ಇಲ್ಲಿದೆ.

ಆದರೆ ಪಟ್ಟಿಯ ಬಿಗಿ ಕಟ್ಟುವವರ ಕೈಯನ್ನು ಅವಲಂಬಿಸಿತ್ತು. ಒಬ್ಬರು ಕಟ್ಟಿದ್ದು ಬಿಗಿ, ಇನ್ನೊಬ್ಬರದು ಸಡಿಲ. ಹತ್ತೊಂಬತ್ತನೇ ಶತಮಾನದಲ್ಲಿ ರಬ್ಬರ್ ಬಂದ ಮೇಲೆ ಇದು ಬದಲಾಗತೊಡಗಿತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ರಬ್ಬರನ್ನು ಹದಗೊಳಿಸುವ ವಿಧಾನ ಕಂಡುಕೊಂಡ. 1848ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರೌನ್ ರಬ್ಬರ್ ಎಳೆಗಳುಳ್ಳ ಕಾಲುಚೀಲಕ್ಕೆ ಪೇಟೆಂಟ್ ಪಡೆದ. ರಬ್ಬರ್ ಎಳೆಯ ಮೇಲೆ ಹತ್ತಿ ಅಥವಾ ರೇಷ್ಮೆಯ ನೂಲು ಸುತ್ತಿದ ಇಂಥ ಚೀಲಗಳನ್ನು ಕಾಲಿನ ನರ ಉಬ್ಬಿದವರು ತೊಡುತ್ತಿದ್ದರು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಇನ್ನೊಂದು ಸತ್ಯವನ್ನು ತೋರಿಸಿಕೊಟ್ಟ. ಶ್ವಾಸಕೋಶದಲ್ಲಿ ಸಿಕ್ಕಿಕೊಂಡು ಪ್ರಾಣ ತೆಗೆಯುವ ರಕ್ತದ ಹೆಪ್ಪು ಅಲ್ಲೇ ಹುಟ್ಟಿದ್ದಲ್ಲ. ಕಾಲಿನ ರಕ್ತನಾಳದಿಂದ ಕಳಚಿ ಅಲ್ಲಿಗೆ ಬಂದದ್ದು. ನಡೆಯುವಾಗ ಮೀನಖಂಡದ ಸ್ನಾಯು ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರ ಕಾಲಲ್ಲಿ ಈ ಪಂಪು ಎಡೆಬಿಡದೆ ದುಡಿಯುತ್ತದೆ. ಶಸ್ತ್ರಚಿಕಿತ್ಸೆಯಾಗಿ ಮಲಗಿದವರಲ್ಲಿ ಅದು ನಿಲ್ಲುತ್ತದೆ. ಹರಿಯದ ರಕ್ತ ಹೆಪ್ಪುಗಟ್ಟುತ್ತದೆ.

ನೀರು ಕಲಿಸಿದ ಪಾಠ

ಇಂದಿನ ಕಾಲುಚೀಲದ ರೂಪ ಬಂದದ್ದು ಒಬ್ಬ ರೋಗಿಯಿಂದಲೇ. ಅಮೆರಿಕದ ಟೊಲೆಡೊ ನಗರದಲ್ಲಿದ್ದ ಎಂಜಿನಿಯರ್ ಕಾನ್ರಾಡ್ ಜಾಬ್ಸ್ಟ್‌ಗೆ ಕಾಲಿನ ರಕ್ತನಾಳದ ತೊಂದರೆಯಿತ್ತು. ಈಜುಕೊಳದಲ್ಲಿ ನಿಂತಾಗ ಮಾತ್ರ ಕಾಲು ಹಗುರವಾಗುವುದನ್ನು ಆತ ಗಮನಿಸಿದ. ನೀರಿನ ಒತ್ತಡ ಆಳಕ್ಕೆ ಹೋದಂತೆ ಹೆಚ್ಚುತ್ತದೆ. ಆದ್ದರಿಂದ ಪಾದದ ಬಳಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಒತ್ತುವ ಕಾಲುಚೀಲವನ್ನು ರೂಪಿಸಿದ. 1950ರಲ್ಲಿ ಅದು ರೋಗಿಗಳ ಕೈ ಸೇರಿತು.

ಮಲಗಿದ ರೋಗಿಗೆ ಎಷ್ಟು ಒತ್ತಡ ಸಾಕು ಎಂಬುದನ್ನು ಅಮೆರಿಕದ ಸಂಶೋಧಕರು 1975ರಲ್ಲಿ ಅಳೆದು ಹೇಳಿದರು. ಕಣಕಾಲಿನಲ್ಲಿ ಪಾದರಸದ 18 ಮಿಲಿಮೀಟರ್, ಮೀನಖಂಡದಲ್ಲಿ 14, ತೊಡೆಯ ಮೇಲ್ಭಾಗದಲ್ಲಿ 8. ಕಣಕಾಲಿನ ಈ ಒತ್ತಡ ಸುಮಾರು ಒಂದು ಗೇಣು ಆಳದ ನೀರಿನ ಒತ್ತಡಕ್ಕೆ ಸಮ. ಅಷ್ಟೇ ಸಾಕು. ಮೇಲಿನ ಅಂಚನ್ನು ಸುತ್ತಿ ಮಡಿಸಿದರೆ ಅದೇ ಕಾಲಿಗೆ ಹಗ್ಗ ಬಿಗಿದಂತಾಗಿ, ರಕ್ತ ಮೇಲೇರುವ ಬದಲು ಕೆಳಗೇ ನಿಲ್ಲುತ್ತದೆ. ಕಾಲಿಗೆ ರಕ್ತ ಒಯ್ಯುವ ನಾಳಗಳು ಕಿರಿದಾದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋದವರಿಗೆ ಇದು ಹುಣ್ಣು ತರಬಲ್ಲದು. ಆದ್ದರಿಂದ ಕಾಲಿನ ಸುತ್ತಳತೆ ತೆಗೆದು, ಪರೀಕ್ಷಿಸಿ ಕೊಡಬೇಕಾದ ವಸ್ತು ಇದು. ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳುವಂತಿಲ್ಲ.

ಚೀಲವೊಂದೇ ಸಾಲದು

ವಿಜ್ಞಾನ ತನ್ನ ಮಾತನ್ನೇ ಮತ್ತೆ ಪರೀಕ್ಷಿಸುತ್ತದೆ. 2009ರಲ್ಲಿ ಪ್ರಕಟವಾದ, 2,518 ಲಕ್ವ ರೋಗಿಗಳ ಅಧ್ಯಯನದಲ್ಲಿ ತೊಡೆಯವರೆಗಿನ ಕಾಲುಚೀಲದಿಂದ ಹೆಪ್ಪು ಕಡಿಮೆಯಾಗಲಿಲ್ಲ. ಚರ್ಮದ ಗಾಯಗಳು ಮಾತ್ರ ಹೆಚ್ಚಿದವು. 2020ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 1,900 ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಪರೀಕ್ಷಿಸಿದಾಗ, ಹೆಪ್ಪು ತಡೆಯುವ ಹೆಪಾರಿನ್ ಚುಚ್ಚುಮದ್ದು ಪಡೆದವರಿಗೆ ಕಾಲುಚೀಲದಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಹಾಗೆಂದು ಕಾಲುಚೀಲ ನಿರುಪಯೋಗಿಯಲ್ಲ. ರಕ್ತಸ್ರಾವದ ಭಯದಿಂದ ಚುಚ್ಚುಮದ್ದು ಕೊಡಲಾಗದವರಿಗೆ ವೈದ್ಯರು ಇಂಥ ಯಾಂತ್ರಿಕ ಉಪಾಯಗಳನ್ನೇ ನೆಚ್ಚಬೇಕಾಗುತ್ತದೆ. ಯಾರಿಗೆ ಯಾವುದು ಎಂಬುದನ್ನು ನಿರ್ಧರಿಸುವುದೇ ಮುಖ್ಯ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಈ ವಿಚಾರ ಇನ್ನೂ ಹತ್ತಿರದ್ದು. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರಲ್ಲಿರುವ ಕುಡಗೋಲು ಕಣ ರೋಗದ ತಪಾಸಣೆ, ಚಿಕಿತ್ಸೆಯಲ್ಲಿ ತೊಡಗಿಕೊಂಡಿತು. ಈ ರೋಗವಿರುವವರಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರಿಗೆ ಇದನ್ನು ತಿಳಿಸುವುದು ಅಗತ್ಯ.

ಮನೆಗೆ ಬಂದ ಮೇಲೆ

ಹೆಪ್ಪಿನ ಅಪಾಯ ಆಸ್ಪತ್ರೆಯ ಬಾಗಿಲಲ್ಲೇ ಮುಗಿಯುವುದಿಲ್ಲ. ಸೊಂಟದ ಕೀಲು ಬದಲಿಸಿಕೊಂಡವರಿಗೆ 35 ದಿನದವರೆಗೂ ಹೆಪ್ಪು ತಡೆಯುವ ಔಷಧಿ ಕೊಡುವುದುಂಟು. ಬಾಣಂತಿಯರಿಗೆ, ಅದರಲ್ಲೂ ಸಿಸೇರಿಯನ್ ಆದವರಿಗೆ, ಮೊದಲ ಆರು ವಾರ ಅಪಾಯ ಹೆಚ್ಚು. ನಮ್ಮ ಮನೆಗಳಲ್ಲಿ ಬಾಣಂತಿಯನ್ನು ಮಂಚದಿಂದ ಇಳಿಯಗೊಡದೆ, ನೀರನ್ನೂ ಅಳೆದು ಕೊಡುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಅಕ್ಕರೆಯಿಂದಲೇ ಹುಟ್ಟಿದ ಪದ್ಧತಿ ಅದು. ಆದರೆ ಅಲುಗಾಡದ ಕಾಲು, ನೀರು ಕಡಿಮೆಯಾದ ಮೈ ಎರಡೂ ಹೆಪ್ಪಿಗೆ ದಾರಿ. ವಿಶ್ರಾಂತಿ ಬೇಕು, ದಿನಕ್ಕೆ ನಾಲ್ಕಾರು ಬಾರಿ ಎದ್ದು ಓಡಾಡುವುದೂ, ಸಾಕಷ್ಟು ನೀರು ಕುಡಿಯುವುದೂ ಅಷ್ಟೇ ಬೇಕು.

ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುವುದು, ಬಿಸಿಯಾಗುವುದು ಹೆಪ್ಪಿನ ಸೂಚನೆ. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಕಾಯುವಂತಿಲ್ಲ. ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರ್ ದಾರಿ. ಇಂಥ ದೂರದಲ್ಲಿ ‘ಬೆಳಗಾಗಲಿ, ನೋಡೋಣ’ ಎಂದರೆ ಹೊತ್ತು ಮೀರಿರುತ್ತದೆ. ಎಣ್ಣೆ ಹಚ್ಚಿ ಕಾಲು ಉಜ್ಜುವುದೂ ಆಗ ಸಲ್ಲದು.

ಆಸ್ಪತ್ರೆಯಿಂದ ಹೊರಡುವ ಮುನ್ನ ರೋಗಿಯ ಮನೆಯವರು ಮೂರು ಪ್ರಶ್ನೆ ಕೇಳಬೇಕು. ಇದು ಈ ಕಾಲಿನ ಅಳತೆಯದೇ? ದಿನದಲ್ಲಿ ಯಾವಾಗ ತೆಗೆದು ಚರ್ಮ ನೋಡಬೇಕು? ಎಷ್ಟು ದಿನ ಹಾಕಬೇಕು? ಉತ್ತರವನ್ನು ಕನ್ನಡದಲ್ಲಿ ಚೀಟಿಯ ಮೇಲೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಸುಶ್ರುತ ಹೇಳಿದ ಸಮಬಂಧ ಕೈಕಾಲಿಗೆ ಒದಗಬೇಕಾದರೆ ಕಟ್ಟುವವರಷ್ಟೇ ಕಟ್ಟಿಸಿಕೊಳ್ಳುವವರಿಗೂ ಅದರ ಅಳತೆ ಗೊತ್ತಿರಬೇಕು.