ಶಾಂತಿನಿಕೇತನದ ಮೊದಲ ಅಧ್ಯಾಪಕರು

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ದೇವಾಲಯವನ್ನು ಕಟ್ಟಿದವರೊಡನೆ ಅದರ ನೆರಳಿನ ಶಾಲೆಯಲ್ಲಿ ದುಡಿದವರನ್ನೂ ನಾವು ಸ್ಮರಿಸುತ್ತೇವೆ. ಒಳ್ಳೆಯ ಶಿಕ್ಷಕ ಎಲ್ಲಿಂದ ಬರುತ್ತಾನೆ, ಹೇಗೆ ಸಿದ್ಧನಾಗುತ್ತಾನೆ ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ. ಇದಕ್ಕೆ ಉತ್ತರವನ್ನರಸಿ ನಾವು ವಾಚಕರನ್ನು ದೂರದ ಬಂಗಾಳಕ್ಕೆ ಕರೆದೊಯ್ಯಬಯಸುತ್ತೇವೆ.

1901ರ ಡಿಸೆಂಬರ್ 22ರಂದು ಕವಿ ರವೀಂದ್ರನಾಥ ಠಾಕೂರರು ಬೋಲಪುರದ ಸಮೀಪದ ಶಾಂತಿನಿಕೇತನದಲ್ಲಿ ಒಂದು ಪುಟ್ಟ ಖಾಸಗಿ ಶಾಲೆಯನ್ನು ತೆರೆದರು. ವಿದ್ಯಾರ್ಥಿಗಳು ಐವರು, ಅವರಲ್ಲೊಬ್ಬ ಕವಿಯ ಮಗ. ಆರಂಭದಲ್ಲಿ ಶುಲ್ಕವಿರಲಿಲ್ಲ. ಖರ್ಚಿಗೆಂದು ಕವಿಪತ್ನಿ ಮೃಣಾಲಿನೀದೇವಿಯವರ ಒಡವೆಗಳೂ ಮಾರಾಟವಾದವು.

ಈ ಶಾಲೆಯ ಹೊಣೆಯನ್ನು ಮೊದಲು ಹೊತ್ತವರಲ್ಲಿ ಇಬ್ಬರು ಕಥೋಲಿಕರಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಬ್ರಹ್ಮಬಾಂಧವ ಉಪಾಧ್ಯಾಯರು ಹುಟ್ಟಿನಿಂದ ಬಂಗಾಳಿ ಬ್ರಾಹ್ಮಣರು. ಬ್ರಾಹ್ಮಸಮಾಜವನ್ನು ಸೇರಿ, ಸಿಂಧಿನ ಹೈದರಾಬಾದಿನಲ್ಲಿ ಶಿಕ್ಷಕರಾಗಿದ್ದು, 1891ರಲ್ಲಿ ಕಥೋಲಿಕ ಧರ್ಮಸಭೆಗೆ ಬಂದವರು. ಅನಂತರ ಕಾವಿಯುಟ್ಟು ಸಂನ್ಯಾಸಿಯಂತೆ ಬಾಳಿದವರು. ಅವರ ಅನುಯಾಯಿ ರೇವಾಚಂದರು ಸಿಂಧಿನವರು. ಮುಂದೆ ಅಣಿಮಾನಂದರೆಂದು ಹೆಸರಾದರು. ಇವರಿಬ್ಬರೂ ಕಲ್ಕತ್ತೆಯಲ್ಲಿ ಪ್ರಾಚೀನ ಗುರುಕುಲದ ಮಾದರಿಯ ಪುಟ್ಟ ಶಾಲೆಯೊಂದನ್ನು ನಡೆಸಿ ಅನುಭವ ಗಳಿಸಿದ್ದರು. ತಮ್ಮನ್ನು ‘ಗುರುದೇವ’ ಎಂದು ಮೊದಲು ಕರೆದವರು ಬ್ರಹ್ಮಬಾಂಧವರೇ ಎಂದು ಕವಿಗಳು ಕೃತಜ್ಞತೆಯಿಂದ ನೆನೆದಿದ್ದಾರೆ. ಆದರೆ ಈ ಸಹವಾಸ ದೀರ್ಘವಾಗಲಿಲ್ಲ. 1902ರಲ್ಲಿ ಇಬ್ಬರೂ ಶಾಂತಿನಿಕೇತನವನ್ನು ಬಿಟ್ಟರು. ಅಣಿಮಾನಂದರು 1904ರಲ್ಲಿ ಕಲ್ಕತ್ತೆಯಲ್ಲಿ ಮತ್ತೊಂದು ಶಾಲೆಯನ್ನು ಸ್ಥಾಪಿಸಿ, ಬಾಲಕರ ಶಿಕ್ಷಣಕ್ಕೇ ಬಾಳನ್ನು ಮುಡಿಪಿಟ್ಟರು.

ಉಳಿದವರ ಹಿನ್ನೆಲೆಯೂ ವಿಚಿತ್ರವೇ. ಗಣಿತ ಮತ್ತು ವಿಜ್ಞಾನಗಳನ್ನು ಕಲಿಸಿದ ಜಗದಾನಂದ ರಾಯರು ಠಾಕೂರರ ಜಮೀನ್ದಾರಿಯ ನೌಕರರು. ಹರಿಚರಣ ಬಂದ್ಯೋಪಾಧ್ಯಾಯರು ಪತಿಸರದ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು. ಸಂಜೆಯ ಬಿಡುವಿನಲ್ಲಿ ಅವರು ಸಂಸ್ಕೃತ ವ್ಯಾಸಂಗ ಮಾಡುವುದನ್ನರಿತ ಕವಿಗಳು ಅವರನ್ನು ಶಾಲೆಗೆ ಕರೆಸಿಕೊಂಡರು. ಸುಮಾರು ನಾಲ್ಕು ದಶಕಗಳ ಶ್ರಮದಿಂದ ಬಂಗಾಳಿ ಭಾಷೆಯ ಬೃಹತ್ ನಿಘಂಟೊಂದನ್ನು ಬೆಳಕಿಗೆ ತಂದವರು ಇವರೇ. ತರುಣ ಕವಿ ಸತೀಶಚಂದ್ರ ರಾಯರು ಬಿ.ಎ. ವ್ಯಾಸಂಗವನ್ನೇ ತೊರೆದು ಬಂದರು. 1904ರ ಫೆಬ್ರವರಿಯಲ್ಲಿ ಸಿಡುಬಿಗೆ ತುತ್ತಾಗಿ ಅಲ್ಲಿಯೇ ಪ್ರಾಣಬಿಟ್ಟರು.

ಇವರನ್ನು ಆರಿಸಿದ್ದು ತರಬೇತಿಯ ಪ್ರಮಾಣಪತ್ರವನ್ನು ನೋಡಿ ಅಲ್ಲ. ಮಕ್ಕಳೊಡನೆ ಒಂದೇ ಆವರಣದಲ್ಲಿ ವಾಸ, ನಸುಕಿನಲ್ಲಿ ಏಳುವುದು, ಮರದಡಿಯ ಪಾಠ: ಈ ದಿನಚರಿಯೇ ಅವರ ತರಬೇತಿ. ಹಾಗೆಂದು ಆ ಶಾಲೆ ದೋಷರಹಿತವಾಗಿತ್ತೆಂದು ನಾವು ಹೇಳಲಾರೆವು. ಬ್ರಾಹ್ಮಣ ಬಾಲಕರು ಅಬ್ರಾಹ್ಮಣ ಅಧ್ಯಾಪಕರ ಪಾದ ಮುಟ್ಟಿ ನಮಸ್ಕರಿಸಬಹುದೇ ಎಂಬ ವಿವಾದ 1902ರಲ್ಲಿ ಅಲ್ಲಿ ಎದ್ದಿತು. ಕವಿಗಳೂ ಆಗ ರೂಢಿಯ ಪರವಾಗಿಯೇ ನಿಂತರು. ಮುಂದೆ ಅವರ ನಿಲುವು ಬದಲಾಯಿತು. ಶಾಲೆಯನ್ನು ನಡೆಸುವವರೂ ಶಾಲೆಯಿಂದ ಕಲಿಯಬೇಕಾಯಿತು.

ತರಬೇತಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದು ಇಂದು ಅನಿವಾರ್ಯ. ಆದರೆ ಕಚೇರಿಯ ಲೆಕ್ಕಪತ್ರಗಳ ನಡುವೆ ಕುಳಿತಿದ್ದ ವಿದ್ವಾಂಸನನ್ನು ಗುರುತಿಸುವ ಕಣ್ಣು ಶಾಲೆಯ ಆಡಳಿತಗಾರರಿಗೆ ಇರಬೇಕು. ಕಲಿಸುವವನಿಗೆ ತಾನಿನ್ನೂ ಕಲಿಯಬೇಕೆಂಬ ವಿನಯವಿರಬೇಕು. ನಮ್ಮ ಶಾಲೆಗಳಲ್ಲಿ ಅಲ್ಪ ಸಂಬಳಕ್ಕೆ ದುಡಿದು ಮರೆಯಾದ ಅಧ್ಯಾಪಕರನ್ನು ಈ ಮಾತಿನೊಡನೆ ಕೃತಜ್ಞತೆಯಿಂದ ನೆನೆಯುತ್ತೇವೆ.